ಇರುವೆ ಸಾಲಿನ ದಡಿ

ಮಕ್ತಲ್
4 ಜೂನ್ 2024

ಗದ್ವಾಲದ ಜೋಗಮ್ಮ ಅವರಿಗೆ ಮಕ್ತಲಿನ ಬಸವೇಶ್ವರಿಯ ಶರಣು.

ಹೆಸರು ಹೇಳಿದರೆ ನಿಮಗೆ ಗುರುತು ಸಿಗಲಿಕ್ಕಿಲ್ಲ. ಹೋದ ವಾರ ನಿಮ್ಮ ಸಾಮಾನು ನಾರಾಯಣಪೇಟೆಯಿಂದ ಗದ್ವಾಲಕ್ಕೆ ಸಾಗಿಸಿದ ಮನೆಯವರು ನಾವು. ಟೆಂಪೋ ಓಡಿಸಿದವರು ನನ್ನ ಚಿಕ್ಕಪ್ಪ. ನಿಮ್ಮ ಪಾತ್ರೆ ಪಡಗ ಕಟ್ಟಿದವಳು ನನ್ನವ್ವ ವೀರಬಸಮ್ಮ. ನಿಮ್ಮ ಹತ್ತಿರ ಮಾತಾಡಿದವರು ಅಪ್ಪ, ವೀರಯ್ಯ. ಮಗ್ಗ ಬಿಚ್ಚಿ ಕಟ್ಟಿದವಳು ನಾನು.

ನಿಮ್ಮ ಫೋನಿಗೆ ಮೂರು ಸಲ ಮಾಡಿದೆ. ನಮ್ಮ ಟೆಂಪೋದವರ ನಂಬರು ನೋಡಿ ನೀವು ಎತ್ತಲಿಲ್ಲ ಅನ್ನಿಸುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ.

ಗದ್ವಾಲದಲ್ಲಿ ನೀವು ಗಂಟು ಬಿಚ್ಚಿ, ಬಾಚಣಿಗೆಯಂಥ ಆ ಮಗ್ಗದ ಹಣಿಗೆ ಕೈಯಲ್ಲಿ ಹಿಡಿದು, "ಇದರೊಳಗಿನ ಎಳೆ ಎಲ್ಲಿ?" ಅಂದಿರಿ. ಅಪ್ಪ ಬಾಗಿಲಲ್ಲಿ ನಿಂತು, "ನಮ್ಮ ಕೈಗೆ ಹಿಂಗ ಬಂದಿತ್ರೀ ಅವ್ವಾ, ನಾವೇನು ಮುಟ್ಟಿಲ್ಲ" ಅಂದರು. ಅದು ಸುಳ್ಳು. ಎಳೆ ಕತ್ತರಿಸಿದ್ದು ನಾನು.

ನಮ್ಮ ಅಜ್ಜ ಈ ಕೆಲಸ ಶುರು ಮಾಡಿದಾಗ ಒಂದು ಮಾತು ಕಟ್ಟಿಟ್ಟಿದ್ದ. ಹಳೇ ಮನೆಯಲ್ಲಿ ಒಂದು ಮೊಳೆ ಬಿಡಬಾರದು, ಹೊಸ ಮನೆಗೆ ಒಂದು ಕಸ ಒಯ್ಯಬಾರದು. ಬೇರೆಯವರು ಸಾಮಾನು ಎತ್ತಿ ಎಸೆಯುತ್ತಾರೆ. ನಾವು ಒರೆಸಿ, ಜೇಡರ ಬಲೆ ತೆಗೆದು, ಡಬ್ಬಿ ಬುಡದ ಎಣ್ಣೆ ಜಿಡ್ಡು ಕೆರೆದು ಕಟ್ಟುತ್ತೇವೆ. ನಿಮ್ಮ ಮಗ್ಗದಲ್ಲಿ ಸೀರೆ ಇರಲಿಲ್ಲ. ಹಣಿಗೆಯಿಂದ, ಅದರ ಹಿಂದಿನ ಆ ನೂಲಿನ ಕುಣಿಕೆಗಳಿಂದ ಗೇಣುದ್ದದ ಎಳೆಗಳು ಜೋತುಬಿದ್ದಿದ್ದವು. ಧೂಳು ಹಿಡಿದಿದ್ದವು. ಹಳೇ ಸೀರೆಯ ಉಳಿಕೆ, ಕಸ ಅಂದುಕೊಂಡೆ. ಕತ್ತರಿಯಲ್ಲಿ ಕತ್ತರಿಸಿ, ಒಂದೊಂದೇ ಎಳೆದು ತೆಗೆದು, ಹಣಿಗೆ ಒರೆಸಿ ಪೇಪರಿನಲ್ಲಿ ಸುತ್ತಿದೆ. ಬಹಳ ಚೆನ್ನಾಗಿ ಕೆಲಸ ಮಾಡಿದೆ ಅಂತ ಹೆಮ್ಮೆಯೂ ಪಟ್ಟೆ.

ಅಪ್ಪ ಸುಳ್ಳು ಹೇಳುವಾಗ ನಾನು ಟೆಂಪೋದ ಹಿಂದೆ ಹಗ್ಗ ಸುತ್ತುತ್ತಿದ್ದೆ. ಸುತ್ತಿದ ಹಗ್ಗವನ್ನೇ ಬಿಚ್ಚಿ ಮತ್ತೆ ಸುತ್ತಿದೆ.

ಆ ಎಳೆ ಏನು ಅಂತ ನನಗೆ ಇನ್ನೂ ಗೊತ್ತಿಲ್ಲ. ನೀವು ನೆಲಕ್ಕೆ ಕೂತ ರೀತಿ ನೋಡಿ, ಕಸ ಅಲ್ಲ ಅಂತಷ್ಟೇ ಗೊತ್ತಾಯಿತು.

ತಪ್ಪು ಮಾಡಿದವಳು,
ಬಸವೇಶ್ವರಿ


ಗದ್ವಾಲ
13 ಜೂನ್ 2024

ವೀರಯ್ಯನ ಮಗಳಿಗೆ,

ನಿನ್ನ ಕಾಗದ ಬಂತು. ಏನಂತ ಕೇಳೀದಿ, ಹೇಳತೀನಿ.

ಒಂದು ಸೀರಿಗಿ ಹಾಸು, ಅಂದ್ರ ಉದ್ದಕ್ಕ ಹೋಗೂ ಎಳಿ, ಮೂರು ಸಾವಿರಕ್ಕಿಂತ ಹೆಚ್ಚು ಬೇಕು. ಪ್ರತಿ ಎಳಿ ತನ್ನ ಕುಣಿಕಿಯೊಳಗ ಹೋಗಿ, ಹಣಿಗಿ ಹಲ್ಲಿನೊಳಗ ಬರಬೇಕು. ಯಾವ ಎಳಿ ಯಾವ ಕುಣಿಕಿಗಿ ಅನ್ನೋದ ಲೆಕ್ಕ. ಸೀರಿ ಮುಗಿದ ಮ್ಯಾಲ ನಾವು ಪೂರಾ ಕತ್ತರಿಸೂದಿಲ್ಲ. ಹಳೇ ಹಾಸಿನ ತುದಿ ಗೇಣುದ್ದ ಬಿಡತೀವಿ. ಹೊಸ ಹಾಸಿನ ಎಳಿ ಅದಕ್ಕ ಒಂದಕ್ಕೊಂದು ಗಂಟು ಹಾಕಿ ಎಳಕೋತೀವಿ. ಹಳೇ ಎಳಿ ಹೊಸಾದಕ್ಕ ದಾರಿ ತೋರಸತೈತಿ.

ಆ ಲೆಕ್ಕ ಕಟ್ಟಿದಾಕಿ ನಮ್ಮತ್ತಿ ಮೊಗುಲಮ್ಮ. ಮೂವತ್ತೊಂದು ವರ್ಷದ ಹಿಂದ. ಅಂದಿನಿಂದ ಗಂಟಿಗಿ ಗಂಟು ಹಾಕಿಕೋಂತ ಬಂದೀನಿ, ಒಂದು ಸಲಾನೂ ಹೊಸದಾಗಿ ಪೋಣಿಸಿಲ್ಲ. ಅತ್ತಿ ಎಲ್ಲೂ ಬರೆದಿಟ್ಟಿಲ್ಲ, ಆಕಿಗಿ ಬರಿಯಾಕ ಬರತಿದ್ದಿಲ್ಲ. ಆಕಿ ತೀರಿಕೊಂಡು ಎಂಟು ವರ್ಷ ಆತು. ನೀ ಕಸ ಅಂದದ್ದು ಅದನ್ನ.

ಒಂದು ಹಳೇ ಸೀರಿ ನೋಡಿ ಎಣಿಸಿಕೋ ಅಂತೀ ಏನೋ. ನೇಯೋರ ಮನ್ಯಾಗ ನೇಯ್ದ ಸೀರಿ ಇರೂದಿಲ್ಲ. ಎಲ್ಲಾ ಮಾರೀವಿ. ನಾ ಉಡೋದು ಸೂರತ್ ಮಿಲ್ಲಿನ ಸೀರಿ.

ನಾರಾಯಣಪೇಟ್ಯಾಗ ರಸ್ತೆ ಅಗಲ ಮಾಡಾಕ ನಮ್ಮ ಬಾಡಿಗಿ ಮನಿ ಕೆಡವಿದ್ರು. ಈ ಖೋಲಿ ನನ್ನ ತಂಗಿ ಸರಿತಾಂದು. ಆಕಿ ಗಂಡ ಪ್ರವೀಣ್ ಕುಮಾರ್ ಶ್ರಾವಣ ಮುಗಿಯೂತನ ಅಂದಾನ. ಅಷ್ಟರೊಳಗ ಮಗ್ಗ ನಡೀಲಿಲ್ಲಂದ್ರ ಇಲ್ಲಿ ಝೆರಾಕ್ಸ್ ಅಂಗಡಿ ಹಾಕತಾನಂತ. ಆಮ್ಯಾಲ ನಾ ಮಂದಿ ಮಗ್ಗದ ಮ್ಯಾಲ ಕೂಲಿಗಿ ಕೂಡಬೇಕು.

ನಿನ್ನ ತಪ್ಪೊಪ್ಪಿಗಿ ನನ್ನ ಹಣಿಗಿಗಿ ಎಳಿ ಪೋಣಿಸೂದಿಲ್ಲ. ಇನ್ನ ಬರೀಬ್ಯಾಡ.

ಜೋಗಮ್ಮ


ಮಕ್ತಲ್
20 ಜೂನ್ 2024

ಜೋಗಮ್ಮ ಅವರಿಗೆ ಶರಣು.

ಬರೀಬೇಡ ಅಂದಿರಿ, ಬರೆದಿದ್ದೇನೆ. ಹರಿದು ಹಾಕುವ ಮೊದಲು ಕೊನೆಯ ತನಕ ಓದಿರಿ.

ನಿಮಗೆ ಕಾಗದ ಬರೆದದ್ದನ್ನು ಅಪ್ಪನಿಗೆ ಹೇಳಿದೆ. ಮುಚ್ಚಿಟ್ಟರೆ ಇನ್ನೊಂದು ಸುಳ್ಳಾಗುತ್ತದೆ. ಅಪ್ಪ ಊಟದ ತಾಟು ಸರಿಸಿದರು.

"ಯಾರು ಕೇಳಿದ್ರು ನಿನ್ನ?"

"ಯಾರೂ ಕೇಳಲಿಲ್ಲ. ಅದಕ್ಕ ಹೇಳಿದೆ."

"ನಮ್ಮ ಇಜ್ಜತಿಗೆ ನೀನ ತೂತು ಹೊಡೀತೀ. ನಿಮ್ಮಜ್ಜ ನಲವತ್ತು ವರ್ಷ ಮಂದಿ ಸಾಮಾನು ಹೊತ್ತ. ಒಬ್ಬರ ಬಾಯಾಗಿಂದ ಒಂದು ಮಾತು ಬರಲಿಲ್ಲ."

ಅವ್ವ ಒಲೆಯ ಮುಂದಿನಿಂದಲೇ ಅಂದಳು: "ಮಾವಾರಿಗೆ ಕಿವಿ ಕೇಳತಿದ್ದಿಲ್ಲ, ಅದನ್ನೂ ಹೇಳ್ರೀ."

ಅಪ್ಪ ಎದ್ದು ಹೋದರು. ಮರುದಿನದಿಂದ ನನ್ನನ್ನು ಟೆಂಪೋ ಹತ್ತಿಸುತ್ತಿಲ್ಲ. ಮನೆಯಲ್ಲಿ ಖಾಲಿ ರಟ್ಟಿನ ಪೆಟ್ಟಿಗೆಗಳ ನಡುವೆ ಕೂತಿದ್ದೇನೆ. ಕೂರುವುದು ನನಗೆ ಬರುವುದಿಲ್ಲ. ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟಿದ್ದು ಫೇಲಾಗಿ ಅಲ್ಲ, ಕೂತಿರಲಿಕ್ಕೆ ಆಗದೆ. ಎಲ್ಲರಿಗೂ ಬಡತನ ಅಂತ ಹೇಳಿಕೊಳ್ಳಬಹುದಿತ್ತು, ಕೇಳಿದವರು ಅಯ್ಯೋ ಅನ್ನುತ್ತಿದ್ದರು. ಆದರೆ ನಮ್ಮದು ಅಂಥ ಬಡತನವೇನಲ್ಲ.

ಈಗ ಕೆಲಸದ ಮಾತು. ನೇಯುವವರ ಮನೆಯಲ್ಲಿ ಸೀರೆ ಇರುವುದಿಲ್ಲ ಅಂದಿರಿ. ಸರಿ. ಆದರೆ ಉಡುವವರ ಮನೆಯಲ್ಲಿ ಇರಬೇಕಲ್ಲ? ನಾರಾಯಣಪೇಟೆ, ಮಕ್ತಲ್, ಧನ್ವಾಡ, ಅರ್ಧ ಜನರ ಮನೆ ಸಾಗಿಸಿದವರು ನಾವು. ಯಾರ ಟ್ರಂಕಿನಲ್ಲಿ ಏನಿದೆ ಅಂತ ಆ ಮನೆಯ ಗಂಡಸರಿಗೆ ಗೊತ್ತಿರುವುದಿಲ್ಲ, ನಮಗೆ ಗೊತ್ತಿರುತ್ತದೆ. ಧನ್ವಾಡದ ಒಬ್ಬ ಮಾಸ್ತರ ಮನೆಯ ಅಟ್ಟದ ಮೇಲೆ ಎಂಟು ಹಾರ್ಮೋನಿಯಂ ಇವೆ ಅಂದರೆ ನೀವು ನಂಬುವುದಿಲ್ಲ.

ನಿಮ್ಮತ್ತೆಯ ಸೀರೆಯ ದಡಿ, ಅಂದರೆ ಅಂಚು, ಹೇಗಿತ್ತು, ಬರೆಯಿರಿ. ನೋಡಿದ್ದರೆ ನೆನಪಾಗುತ್ತದೆ. ಸಿಕ್ಕೇ ಸಿಗುತ್ತದೆ ಅಂತ ಹೇಳುವುದಿಲ್ಲ. ಹುಡುಕುತ್ತೇನೆ ಅಂತ ಹೇಳುತ್ತೇನೆ.

ಬಸವೇಶ್ವರಿ


ಗದ್ವಾಲ
2 ಜುಲೈ 2024

ಬಸವೇಶ್ವರಿಗೆ,

ಹತ್ತು ದಿನ ಜವಾಬು ಬರೀಲಿಲ್ಲ. ಬರಿಯೂದಿಲ್ಲ ಅಂತಾನ ಇದ್ದೆ. ನನ್ನ ಗಂಡ ಬಾಲರಾಜ ನಿನ್ನ ಕಾಗದ ಎರಡು ಸಲ ಓದಿಸಿಕೊಂಡ. ಅವನಿಗಿ ಕಣ್ಣು ಮಂದ, ಎಳಿ ಕಾಣೂದಿಲ್ಲ, ಕೈಮುಟ್ಟಿ ನೂಲು ಸುತ್ತತಾನ. ಎಂಟು ಹಾರ್ಮೋನಿಯಂ ಅಂದಾಗ ನಕ್ಕ. ಮನಿ ಬಿಟ್ಟು ಬಂದಾಗಿಂದ ಅವ ನಕ್ಕಿದ್ದಿಲ್ಲ. "ಹೇಳು, ಹೋಗೂದೇನೈತಿ" ಅಂದ.

ಕೆಳಗ ಓದು.

ಎಲ್ಲಾ ನಾರಾಯಣಪೇಟಿ ಸೀರಿಗಿ ಗೋಪುರದ ಸಾಲು ಇರತೈತಿ. ಅದನ್ನ ನೋಡಬ್ಯಾಡ. ಗೋಪುರದ ಕೆಳಗ, ದಡಿ ಒಳಗ, ಒಂದು ಸಣ್ಣ ಕರೀ ಗೆರಿ. ದೂರದಿಂದ ಗೆರಿ ಅನಸತೈತಿ. ಹತ್ತರದಿಂದ ನೋಡಿದ್ರ ಕರೀ ಚುಕ್ಕಿ, ಚುಕ್ಕಿ, ಆಮ್ಯಾಲ ಸಣ್ಣ ಸಂದು, ಮತ್ತ ಚುಕ್ಕಿ. ಬೆಲ್ಲದ ಡಬ್ಬಿಗಿ ಇರುವಿ ಹೊಂಟಂಗ. ಅತ್ತಿ ಅದನ್ನ ಇರುವಿ ಸಾಲು ಅಂತಿದ್ದಳು. ನಾರಾಯಣಪೇಟಿ ಸಾವಕಾರ ನನ್ನ ಸೀರಿ ಹುಡುಕಿಕೊಂಡು ಬರತಿದ್ದದ್ದು ಅದಕ್ಕ. ಬ್ಯಾರೆ ಯಾರ ಮಗ್ಗದಾಗೂ ಆ ಸಾಲು ಇಲ್ಲ.

ನಾನ ಎಣಿಸಿ ಕೂಡಿಸಾಕ ಹೋದೆ. ಇರುವಿ ಆಗಲಿಲ್ಲ, ಬರೇ ಗೆರಿ ಆತು.

ಪ್ರವೀಣ್ ಕುಮಾರ್ ದಿನಾ ಬಾಗಿಲಿಗಿ ಬಂದು, "ಏಮಕ್ಕಾ, ಮಗ್ಗಂ ನಡುಸ್ತುಂದಾ?" ಅಂತ ತೆಲುಗಿನಾಗ ಕೇಳತಾನ. ನಡೆಯೂದಿಲ್ಲಂತ ಅವನಿಗೂ ಗೊತ್ತೈತಿ.

ಜೋಗಮ್ಮ


ಮಕ್ತಲ್
21 ಜುಲೈ 2024

ಜೋಗಮ್ಮ ಅವರಿಗೆ ಶರಣು.

ಈ ಲಕೋಟೆಯಲ್ಲಿ ಕಾಗದದ ಜೊತೆ ಒಂದು ಬಟ್ಟೆಯ ತುಂಡಿದೆ. ಮೊದಲು ಅದನ್ನು ನೋಡಿ, ಆಮೇಲೆ ಇದನ್ನು ಓದಿ.

ನೋಡಿದಿರಾ? ಅದು ಸಿಕ್ಕ ರೀತಿ ಹೇಳುತ್ತೇನೆ.

ಧನ್ವಾಡದಲ್ಲಿ ನಾಲ್ಕು ಮನೆ ಸುತ್ತಿದೆ. ಗೋಪುರ ಸಿಕ್ಕವು, ಇರುವೆ ಸಿಗಲಿಲ್ಲ. ಅಲಂಪುರಕ್ಕೂ ಹೋದೆ. ಅಲ್ಲಿ ಒಬ್ಬ ಅಮ್ಮ ನಾನು ಸೀರೆ ಕದಿಯಲು ಬಂದವಳು ಅಂತ ಬಾಗಿಲು ಹಾಕಿಕೊಂಡಳು. ಅವಳದೂ ತಪ್ಪಲ್ಲ. "ನಿಮ್ಮ ಬೀರುವಿನ ಎರಡನೇ ಖಾನೆಯಲ್ಲಿ ಮೆಂತ್ಯ ಬಣ್ಣದ ಸೀರೆ ಇದೆಯಲ್ಲ, ಅದನ್ನು ತೋರಿಸಿ" ಅಂತ ಅಪರಿಚಿತರು ಬಂದು ಕೇಳಿದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಸೋತು ಬಂದು ನಿಮ್ಮ ಕಾಗದವನ್ನು ಅವ್ವನಿಗೆ ಜೋರಾಗಿ ಓದಿ ಹೇಳುತ್ತಿದ್ದೆ. ಅಪ್ಪ ಹೊರಗೆ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು. ನನ್ನೊಂದಿಗೆ ಮಾತು ಬಿಟ್ಟು ತಿಂಗಳಾಗಿತ್ತು. ಬೆಲ್ಲದ ಡಬ್ಬಿಗೆ ಇರುವೆ ಹೊರಟ ಹಾಗೆ ಅನ್ನುವ ಮಾತು ಬಂದಾಗ ಅಲ್ಲಿಂದಲೇ ಅಂದರು:

"ಅದು ಕುರುಮಮ್ಮನ ಮನ್ಯಾಗ ಐತಿ."

ಅವ್ವ, "ಏನ್ರೀ ಅಂದ್ರಿ?" ಅಂದಳು.

"ಆಕಿ ಮೊಮ್ಮಗನ ಜೋಲಿ. ಎರಡು ವರ್ಷದ ಹಿಂದ ಮನಿ ಬದಲಿ ಮಾಡಿದಾಗ ನಾನ ಬಿಚ್ಚಿ, ನಾನ ಕಟ್ಟಿ ಕೊಟ್ಟೀನಿ. ಗಂಟು ಹಾಕೂ ಮುಂದ ಇರುವಿ ಅದಾವಂತ ಎರಡು ಸಲ ಝಾಡಿಸಿದೆ. ಹೋಗಲೊಲ್ಲವು."

ಮತ್ತೆ ಚಹಾ ಕುಡಿದರು. ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ ಅವರೇ ಎದ್ದು ಅಂಗಿ ಹಾಕಿಕೊಂಡಿದ್ದರು.

ಕುರುಮಮ್ಮ ಬಾಗಿಲಲ್ಲೇ ಕೂತು ಹುಣಸೆ ಬೀಜ ಬಿಡಿಸುತ್ತಿದ್ದಳು. ಅಪ್ಪ ವಿಷಯ ಹೇಳಿದರು.

"ಅಲ್ಲೋ ವೀರಯ್ಯ, ಜೋಲಿಯೊಳಗ ಕೂಸು ಮಲಗೇತಿ. ಈಗಷ್ಟ ಕಣ್ಣು ಮುಚ್ಚೇತಿ. ಎದ್ದರ ನೀ ಎತ್ತಿಕೋತೀ ಏನು?"

"ಎತ್ತಿಕೋತೀನಿ."

"ಬೀರು ಎತ್ತೂ ಹೆಗಲು ಅದು. ಕೂಸಿನ್ನ ತಲಿಕೆಳಗ ಹಿಡದೀಯ ಮತ್ತ!"

ಕೂಸು ಎದ್ದಿತು. ಅಪ್ಪ ಎತ್ತಿಕೊಂಡು ಅಂಗಳದಲ್ಲಿ ತಿರುಗಿದರು. ಅಳು ನಿಲ್ಲಲಿಲ್ಲ. ನಾನು ಜೋಲಿ ಬಿಚ್ಚಿ ಬೆಳಕಿಗೆ ಹಿಡಿದೆ. ಸೀರೆಯ ಬಣ್ಣ ಹೋಗಿ ಮಣ್ಣಿನ ಹಾಗಾಗಿತ್ತು. ಆದರೆ ಗೋಪುರದ ಕೆಳಗೆ ಇರುವೆಗಳು ಒಂದರ ಹಿಂದೊಂದು ನಡೆದಿದ್ದವು. ಅದು ಅವಳ ಮಗಳ ಮದುವೆಗೆ ಕೊಂಡದ್ದಂತೆ, ಇಪ್ಪತ್ತು ವರ್ಷದ ಹಿಂದೆ, ನಾರಾಯಣಪೇಟೆಯಲ್ಲಿ. ನಿಮ್ಮತ್ತೆ ನೇಯ್ದದ್ದೋ, ನೀವೇ ನೇಯ್ದದ್ದೋ ನಿಮಗೇ ಗೊತ್ತಾಗಬೇಕು.

ಪೂರ್ತಿ ಸೀರೆ ಕೊಡಲು ಅವಳು ಒಪ್ಪಲಿಲ್ಲ. ಮೂರು ಮೊಮ್ಮಕ್ಕಳು ಮಲಗಿದ ಜೋಲಿ ಅದು. ಹರಿದ ತುದಿಯಿಂದ ಒಂದು ಗೇಣು ಕತ್ತರಿಸಿಕೊಳ್ಳಲು ಬಿಟ್ಟಳು. ಕತ್ತರಿಸುವ ಮೊದಲು ಎರಡು ಸಲ ಅಳತೆ ಮಾಡಿದೆ. ಅಪ್ಪ ನೋಡಿದರು.

ಬಸವೇಶ್ವರಿ


ಗದ್ವಾಲ
3 ಆಗಸ್ಟ್ 2024

ಬಸವೇಶ್ವರಿಗೆ ಆಶೀರ್ವಾದ.

ತುಂಡು ಬಂತು. ಅತ್ತಿ ನೇಯ್ದದ್ದಲ್ಲ, ನಾನ ನೇಯ್ದದ್ದು. ದಡಿ ಎಳೆಯೂ ಮುಂದ ನನ್ನ ಎಡಗೈ ಸ್ವಲ್ಪ ಬಿಗಿ. ಅತ್ತಿ ಬೈಯುತಿದ್ದಳು. ಅದು ಬಟ್ಟ್ಯಾಗ ಕಾಣತೈತಿ.

ಐದು ದಿನ ಸೂಜಿ ಮೊನಿ ಹಿಡಿದು ಎಣಿಸಿದೆ. ನಾ ಹೇಳೂದು, ಸರಿತಾ ತನ್ನ ಮಗನ ನೋಟಬುಕ್ಕಿನಾಗ ಬರಿಯೂದು. ಮೂರು ಸಲ ಬ್ಯಾರೆ ಬ್ಯಾರೆ ಬಂತು. ನಾಕನೇ ಸಲ, ಐದನೇ ಸಲ ಒಂದ ಬಂತು. ಮೊಗುಲಮ್ಮನ ಲೆಕ್ಕ ಸಿಕ್ಕೇತಿ. ಈಗ ಬರೆದೂ ಇಟ್ಟೀನಿ.

ಇನ್ನ ಪೋಣಿಸೂದು. ಅದಕ್ಕ ಇಬ್ಬರು ಬೇಕು. ಒಬ್ಬರು ಹಿಂದ ಕೂತು ಎಳಿ ಒಂದೊಂದ ಆರಿಸಿ ಕೊಡಬೇಕು, ಇನ್ನೊಬ್ಬರು ಮುಂದಿನಿಂದ ಕೊಕ್ಕಿ ಹಾಕಿ ಎಳೀಬೇಕು. ಬಾಲರಾಜನಿಗಿ ಕಾಣೂದಿಲ್ಲ. ಸರಿತಾಗ ಸಾಲಿ ಅಡಗಿ ಕೆಲಸ. ಇಲ್ಲಿ ಓಣ್ಯಾಗ ನಾ ಹೊಸಬಳು, ಯಾರು ನಾಕು ದಿನ ಕೂಡತಾರ?

ನೀ ಬಾ. ಸಾಲ್ಯಾಗ ಕೂಡಲಾರದಾಕಿ ಇಲ್ಲಿ ಕೂಡತೀಯೋ ಇಲ್ಲೋ ನನಗ ಗೊತ್ತಿಲ್ಲ. ಊಟ ಹಾಕತೀನಿ. ಮಾತು ಕಡಿಮಿ ಇರಲಿ. ನಿಮ್ಮಪ್ಪನಿಗಿ ಹೇಳಿ ಬಾ, ಹೇಳದ ಬರಬ್ಯಾಡ.

ನಾಡಿದ್ದ ಶ್ರಾವಣ ಹತ್ತತೈತಿ.

ಜೋಗಮ್ಮ


ಮಕ್ತಲ್
19 ಆಗಸ್ಟ್ 2024

ಜೋಗಮ್ಮ ದೊಡ್ಡವ್ವನಿಗೆ ಶರಣು.

ನಿಮ್ಮ ಮನೆಯಿಂದ ಬಂದು ನಾಲ್ಕು ದಿನವಾಯಿತು. ನೀವು ಕಟ್ಟಿಕೊಟ್ಟ ಜೋಳದ ರೊಟ್ಟಿ ಮುಗಿದಿವೆ. ಪುಂಡಿಪಲ್ಯವನ್ನು ಚಿಕ್ಕಪ್ಪ ಒಬ್ಬನೇ ತಿಂದ.

ನಾಲ್ಕು ದಿನ ಒಂದೇ ಜಾಗದಲ್ಲಿ ಕೂತಿದ್ದೆ ಅಂದರೆ ಅವ್ವ ನಂಬುತ್ತಿಲ್ಲ. ನನಗೂ ನಂಬಿಕೆ ಬರುತ್ತಿಲ್ಲ. ನಡುವೆ ಕುಣಿಕೆಗಳ ಗೋಡೆ, ಆಚೆ ಬದಿಗೆ ನಿಮ್ಮ ಕಣ್ಣು, ಕೊಕ್ಕೆಯ ತುದಿ. ಮೂಲೆಯಲ್ಲಿ ಬಾಲರಾಜ ದೊಡ್ಡಪ್ಪ ನೂಲು ಸುತ್ತುತ್ತ, ನಾನು ಎಣಿಸುವುದು ತಡವರಿಸಿದ ಕೂಡಲೇ "ಹಿಂದಕ್ಕ ಹೋಗು" ಅನ್ನುತ್ತಿದ್ದರು. ಶಾಲೆಯಲ್ಲಿ ಯಾರಾದರೂ ನನ್ನ ಕೈಗೆ ಮೂರು ಸಾವಿರ ಎಳೆ ಕೊಟ್ಟಿದ್ದರೆ ಹತ್ತನೇ ತರಗತಿ ಪಾಸಾಗುತ್ತಿದ್ದೆನೇನೋ.

ಈಗ ಹೇಳಬೇಕಾದ್ದು ಹೇಳುತ್ತೇನೆ.

ಕೊನೆಯ ದಿನ ಮಧ್ಯಾಹ್ನ, ಎಡಗಡೆ ದಡಿ ಪೋಣಿಸುವಾಗ, ಪ್ರವೀಣ್ ಕುಮಾರ್ ಅವರು ಅಳತೆ ಟೇಪು ಹಿಡಿದು ಬಂದರಲ್ಲ. "ಝೆರಾಕ್ಸ್ ಮೆಷಿನ್ ಬಾಗಿಲಿನಿಂದ ಒಳಗ ಹಿಡೀತದೋ ಇಲ್ಲೋ ನೋಡತೀನಿ" ಅಂತ ನನ್ನ ಬೆನ್ನ ಹಿಂದೆ ಟೇಪು ಎಳೆದರು. "ಮಾಮಾ, ಬಾಗಿಲಿನಿಂದ ಏನು ಹಿಡೀತದ ಅಂತ ನನ್ನ ಕೇಳ್ರಿ, ಅದು ನನ್ನ ಕೆಲಸ" ಅಂದೆ. ಎಲ್ಲರೂ ನಕ್ಕಿರಿ. ನನಗೂ ಜಂಬ ಬಂತು. ಆ ಜಂಬದಲ್ಲಿ ಎರಡು ಎಳೆಯನ್ನು ಒಂದೇ ಕುಣಿಕೆಗೆ ಕೊಟ್ಟೆ.

ಸಂಜೆ ಎಲ್ಲ ಮುಗಿದಾಗ ಇರುವೆ ಸಾಲಿನಲ್ಲಿ ಒಂದು ಕುಣಿಕೆ ಖಾಲಿ ಕಂಡಿತು. ನೀವು ಕೈ ತೊಳೆಯಲು ಹೋಗಿದ್ದಿರಿ. ಮೊದಲಿನಿಂದಲೂ ಖಾಲಿ ಇದ್ದಿರಬೇಕು ಅಂದುಕೊಂಡೆ. ಜೂರಾಲ ಅಣೆಕಟ್ಟೆ ದಾಟುವಾಗ ಬಸ್ಸಿನಲ್ಲಿ ತಪ್ಪು ಗೊತ್ತಾಯಿತು.

ಇಲ್ಲ. ಹಾಗಲ್ಲ. ಬಸ್ಸಿನಲ್ಲಿ ಗೊತ್ತಾಗಿದ್ದಲ್ಲ. ಅಲ್ಲೇ ಗೊತ್ತಿತ್ತು. ನಾಲ್ಕು ದಿನದ ಕೆಲಸ, ನಿಮ್ಮ ಮುಖದಲ್ಲಿ ಆ ಸಂತೋಷ, ಹೇಳಲು ಬಾಯಿ ಬರಲಿಲ್ಲ. ಆ ದಿನ ನಿಮ್ಮ ಬಾಗಿಲಲ್ಲಿ ನಿಂತ ಅಪ್ಪ ನನಗೆ ಆಗ ಅರ್ಥವಾದರು. ಸುಳ್ಳು ಇಷ್ಟು ಸುಲಭ ಅಂತ ನನಗೆ ಗೊತ್ತಿರಲಿಲ್ಲ. ಬಾಯಿ ತೆರೆಯುವುದೂ ಬೇಕಿಲ್ಲ. ಊರಿಗೆ ಬಂದ ಮೇಲೂ ನಾಲ್ಕು ದಿನ ಸುಮ್ಮನಿದ್ದೆ.

ಎಡಗಡೆ ದಡಿ. ಗೋಪುರದ ಕೆಳಗೆ. ಬೇಕಾದರೆ ಎಲ್ಲ ಬಿಚ್ಚಿರಿ, ಮತ್ತೆ ಬಂದು ಕೂರುತ್ತೇನೆ.

ನಿಮ್ಮ,
ಬಸವೇಶ್ವರಿ


ಗದ್ವಾಲ
30 ಆಗಸ್ಟ್ 2024

ಬಸವೇಶ್ವರಿಗೆ ಆಶೀರ್ವಾದ.

ಖಾಲಿ ಕುಣಿಕಿ ನೀ ಬಸ್ ಹತ್ತಿದ ದಿನಾನ ನೋಡೀನಿ. ಮೂವತ್ತೊಂದು ವರ್ಷ ಆ ದಡಿ ನೋಡೀನಿ, ಕಾಣೂದಿಲ್ಲೇನು? ಒಂದು ಎಳಿಗಿ ಎಲ್ಲಾ ಬಿಚ್ಚೂದು ಬೇಕಿಲ್ಲ. ಬೇರೆ ನೂಲಿನ ಕುಣಿಕಿ ಕಟ್ಟಿ, ಆ ಎಳಿ ಅದಕ್ಕ ಹಾಕಿದ್ರ ಮುಗೀತು. ಅರ್ಧ ತಾಸಿನ ಕೆಲಸ. ಎಲ್ಲಾ ನೇಕಾರರೂ ಮಾಡತಾರ.

ಆದ್ರ ಬಾಲರಾಜ ಮಾಡಾಕ ಬಿಡಲಿಲ್ಲ. "ತಡಿ, ಆಕಿ ಬರೀತಾಳ" ಅಂದ. "ಮೂರು ಸಾವಿರದಾಗ ಒಂದು ಎಳಿ, ಅದಕ್ಕ ಯಾರು ಕಾಗದ ಬರೀತಾರ, ನೀ ಸುಮ್ಮನಿರು" ಅಂದೆ. ಸೋತವರು ಒಂದು ವಾರ ಚಹಾ ಮಾಡಬೇಕಂತ ಪಂದ್ಯ ಕಟ್ಟಿದ. ಎರಡು ದಿನ ಆತು, ಮೂರು ದಿನ ಆತು, ಕಾಗದ ಇಲ್ಲ. ನಾಕನೇ ದಿನ ಅವನ ಮಾರಿ ಸಣ್ಣದಾತು. ನಿನ್ನ ಕಾಗದ ಬಂದ ದಿನ ಪ್ರವೀಣ್ ಕುಮಾರನ್ನ ನಿಲ್ಲಿಸಿ ಓದಿಸಿಕೊಂಡ. ಟೇಪಿನ ಮಾತು ಬಂದಾಗ ಪ್ರವೀಣ್ ಕುಮಾರ್ ಕೆಮ್ಮಿದ. ಒಂದು ವಾರ ಆತು, ನಾನ ಚಹಾ ಮಾಡಿ ಕೊಡಾಕತ್ತೀನಿ, ಸಕ್ರಿ ಜಾಸ್ತಿ ಕೇಳತಾನ.

ಕಾಗದ ಬಂದ ದಿನಾನ ಕುಣಿಕಿ ಕಟ್ಟಿದೆ, ಈಗ ಮಗ್ಗ ನಡದೈತಿ. ಎರಡೂವರಿ ಮೊಳ ಆತು. ಇರುವಿ ಸಾಲು ಎರಡೂ ಕಡೆ ಸರಿಯಾಗಿ ಹೊಂಟೈತಿ. ಶ್ರಾವಣ ಮುಗಿಯಾಕ ಇನ್ನೂ ಮೂರು ದಿನ ಅದಾವು. ಪ್ರವೀಣ್ ಕುಮಾರ್ ಈಗ ಗೆಳೆಯರನ್ನ ಕರಕೊಂಡು ಬಂದು, ನಮ್ಮ ಮನ್ಯಾಗಿನ ಮಗ್ಗ ಅಂತ ತೋರಸತಾನ. ಝೆರಾಕ್ಸ್ ಮಾತು ಎತ್ತೂದಿಲ್ಲ. ನಾನೂ ಎತ್ತೂದಿಲ್ಲ.

ಇನ್ನೊಂದು ಸುದ್ದಿ. ಹಿಂದಿನ ಓಣ್ಯಾಗ ಹರಿಕೃಷ್ಣ ಅಂತ ಅದಾರ, ನೇಕಾರರು. ಅಲಂಪುರಕ್ಕ ಮನಿ ಬದಲಿ ಮಾಡತಾರ. ಎರಡು ಮಗ್ಗ, ಎರಡರ ಮ್ಯಾಲೂ ಅರ್ಧ ನೇಯ್ದ ಸೀರಿ. ಯಾರ ಕೈಯಾಗ ಕೊಡೂದು ಅಂತ ಅವರ ಹೆಂಡತಿ ಕೇಳಿದಳು. ಮಕ್ತಲಿನ ವೀರಯ್ಯನ ಮನಿಯವರು ಅಂದೆ. ನಡೆದದ್ದೆಲ್ಲಾ ಹೇಳಿದೆ, ಒಂದೂ ಬಿಡಲಿಲ್ಲ.

ಆಕಿ ಎದಿ ಮ್ಯಾಲ ಕೈ ಇಟಗೊಂಡು, "ಅಲ್ಲಕ್ಕಾ, ನಿನ್ನ ಎಳಿ ಕತ್ತರಿಸಿದವರ ಹತ್ರ ನನ್ನ ಕಳಸತೀ ಏನು?" ಅಂದಳು.

"ಬ್ಯಾರೆಯವರೂ ಕತ್ತರಸತಾರವ್ವಾ. ಇವರ ಮನ್ಯಾಗ ಒಂದು ಹುಡುಗಿ ಐತಿ, ಏನು ಕತ್ತರಸೇತಂತ ತಾನ ಹೇಳತೈತಿ" ಅಂದೆ.

ಒಂದು ದಿನ ವಿಚಾರ ಮಾಡಿ ಹೂಂ ಅಂದಾಳ. ಮುಂದಿನ ಬುಧವಾರ ಟೆಂಪೋ ತರ್ರಿ. ಮಗ್ಗಕ್ಕ ಕೈ ಹಚ್ಚೂ ಮೊದಲ ನನ್ನ ಕರೀರಿ, ನಾನೂ ಬರತೀನಿ. ಹಾಸು ಬಿಚ್ಚದ ಮಗ್ಗ ಹೆಂಗ ಎತ್ತಬೇಕು ಅನ್ನೂದು ನಿನಗ ಕಲಸತೀನಿ.

ನಿಮ್ಮಪ್ಪನೂ ಬರಲಿ. ಹೋದ ಸಲ ಬಾಗಿಲಾಗ ನಿಂತು ಹಂಗ ಹೋದ್ರು. ಈ ಸಲ ಒಳಗ ಬಂದು ಕೂತು ಚಹಾ ಕುಡಿದು ಹೋಗಲಿ ಅಂತ ಹೇಳು. ಆ ದಿನದ ಮಾತು ನಾ ಕೇಳೂದಿಲ್ಲ. ಮಗ್ಗ ನಡಿಯೂದು ನೋಡಿದ್ರ ಸಾಕು.

ನಿನ್ನ ದೊಡ್ಡವ್ವ,
ಜೋಗಮ್ಮ